ಸಿಯೆನಾದ ಗೋಡೆ, ಹೂರಾದ ಗೋದಲಿ

ಗೋಡೆ ವಾಲಿದ್ದನ್ನು ಮೊದಲು ಕಂಡದ್ದು ಲಿಯೋನ್. ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ.

"ಜ್ಯೋತ್ಸ್ನಕ್ಕ, ಅವಳಿಗೆ ಹೇಳ್ಬೇಡಿ. ಆನ್ಸನ್ ಬಾಬ್‌ನವರು ಬಂದು ನೋಡಿ ಹೋಗುವವರೆಗೆ ಹೇಗಾದ್ರೂ ನಿಂತ್ರೆ ಸಾಕು."

ಅವಳು ಎಂದರೆ ಅವನ ಹೆಂಡತಿ, ನನ್ನ ಗೆಳತಿ ಅಪೊಲಿನ್. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಒಳಕೋಣೆಯಲ್ಲಿ ಮಲಗಿದ್ದಳು. ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಇದು ಅವಳ ಕೊನೆಯ ಕ್ರಿಸ್ಮಸ್ ಎಂಬುದು ನಮಗೆ ಮೂವರಿಗೂ ಗೊತ್ತಿತ್ತು. ಗೋಡೆ ಎಂದರೆ ಗಲ್ಫಿನ ಮನಾಮಾ ನಗರದ ಹೂರಾದಲ್ಲಿ, ಆ ಫ್ಲ್ಯಾಟಿನ ಹಾಲ್ ತುಂಬ ಅವಳು ಕಟ್ಟಿದ್ದ ಗೋದಲಿಯದು.

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು ಮಂಗಳೂರಿನ ಕ್ರೈಸ್ತರು ಗೋದಲಿ ಎನ್ನುತ್ತಾರೆ. ತಟ್ಟೆಗಳಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ, ಮೊಳಕೆ ಬರಿಸಿ ಹುಲ್ಲುಗಾವಲು ಮಾಡುತ್ತಾರೆ. ಮನಾಮಾದ ಅವರ ಸಂಘದವರು ಮನೆಮನೆಗೆ ಬಂದು ನೋಡಿ ಬಹುಮಾನ ಕೊಡುತ್ತಾರೆ; ಈ ಸಲ ನೋಡಲು ಬರುವವರು ಸಂಘದ ಹಿರಿಯರಾದ ಆನ್ಸನ್ ಬಾಬ್. ಎಲ್ಲರೂ ಕೊಟ್ಟಿಗೆಯ ಹಿಂದೆ ಬೆಟ್ಟ ಮಾಡಿದರೆ ಅಪೊಲಿನ್ ಇಟಲಿಯ ಒಂದು ಇಗರ್ಜಿ, ಅಂದರೆ ಚರ್ಚು, ಕಟ್ಟುತ್ತಿದ್ದಳು. ಯಾಕೆಂದು ಕೇಳಿದವರಿಗೆಲ್ಲ ಲಿಯೋನ್ ಬಸ್ಸಿನ ಕಥೆ ಹೇಳುತ್ತಿದ್ದ.

ಅವರಿಬ್ಬರ ಮದುವೆಯಾದ ಹೊಸತರಲ್ಲಿ ಇಲ್ಲಿಂದ ಒಂದು ತಂಡ ರೋಮಿಗೆ ಯಾತ್ರೆ ಹೋಗಿತ್ತು. ದಾರಿಯಲ್ಲಿ ಸಿಯೆನಾ. ಕಪ್ಪು ಬಿಳಿ ಅಮೃತಶಿಲೆಯನ್ನು ಪಟ್ಟೆಪಟ್ಟೆಯಾಗಿ ಪೇರಿಸಿ ಕಟ್ಟಿದ ಅಲ್ಲಿನ ಇಗರ್ಜಿಯೊಳಗೆ ಹೋದ ಅಪೊಲಿನ್ ಬಸ್ಸಿಗೆ ಮರಳಲೇ ಇಲ್ಲ. ಸಿಂಹಗಳ ಬೆನ್ನೇರಿದ ಕಂಬಗಳ ಮೇಲೆ ಪ್ರವಚನಪೀಠ. ಅದರ ಕಲ್ಲಿನಲ್ಲಿ ತಾಯಿಯ ಪಕ್ಕ ಮಲಗಿದ ಕೂಸು. ಮೇಲೆ ನೀಲಿ ಚಾವಣಿ ತುಂಬ ಚಿನ್ನದ ನಕ್ಷತ್ರ. ಬಸ್ಸಿನವನು ಹಾರನ್ ಹೊಡೆದೂ ಹೊಡೆದೂ ಸೋತ. ಕೊನೆಗೆ ಲಿಯೋನ್ ಹುಡುಕಿಕೊಂಡು ಹೋದರೆ ಅವಳು ಒಳಗಿರಲಿಲ್ಲ. ಪಕ್ಕದ ಬಯಲಲ್ಲಿ, ಇಗರ್ಜಿಯೇ ಇಲ್ಲದ ಒಂದು ಭಾರಿ ಗೋಡೆಯ ಕೆಳಗೆ ನಿಂತಿದ್ದಳು.

ಆ ಗೋಡೆಯ ಚರಿತ್ರೆಯನ್ನು ಆಮೇಲೆ ನಾವಿಬ್ಬರೂ ಪುಸ್ತಕ ತರಿಸಿ ಓದಿದೆವು. ಹದಿನಾಲ್ಕನೆಯ ಶತಮಾನದಲ್ಲಿ ಸಿಯೆನಾದವರಿಗೆ ಇದ್ದ ಇಗರ್ಜಿ ಸಾಲದಾಯಿತು. ಅದನ್ನು ಶಿಲುಬೆಯಾಕಾರದ ಹೊಸ ಕಟ್ಟಡದ ಬರೀ ಅಡ್ಡ ತೋಳಾಗಿ ಉಳಿಸಿಕೊಂಡು ಎಲ್ಲಕ್ಕಿಂತ ದೊಡ್ಡದನ್ನು ಕಟ್ಟಲು ಹೊರಟರು. ಗೋಡೆ ಎದ್ದಿತು, ಕಂಬಗಳು ಎದ್ದವು. ಅಷ್ಟರಲ್ಲಿ ಪ್ಲೇಗು ಬಂದು ಊರನ್ನೇ ಗುಡಿಸಿಹಾಕಿತು. ಉಳಿದವರು ನೋಡಿದರೆ ಕಂಬಗಳು ಭಾರ ತಡೆಯುವಂತಿರಲಿಲ್ಲ. ಅಪಾಯದ್ದನ್ನು ಕೆಡವಿ, ಮಿಕ್ಕದ್ದನ್ನು ಹಾಗೇ ಬಿಟ್ಟರು.

ಕಾಯಿಲೆ ಗೊತ್ತಾದ ಮೇಲೆ ಅಪೊಲಿನ್ ಹೇಳಿದಳು, "ಈ ಸಲ ದೊಡ್ಡದೇ ಕಟ್ಟುದು ಮಾರಾಯ್ತಿ. ಅವರಿಗೆ ಆಗ್ಲಿಲ್ಲ. ಒಮ್ಮೆಯಾದ್ರೂ ಅದಕ್ಕೆ ಮಾಡು ಹಾಕಿ ನೋಡ್ಬೇಕು ನಂಗೆ. ಜನರೂ ನೋಡ್ಬೇಕು."

ಕಟ್ಟಿದೆವು. ಎಂದಿನ ಚಿಕ್ಕ ಇಗರ್ಜಿಯ ಪಕ್ಕಕ್ಕೆ ದೊಡ್ಡದು: ಕಂಬಕ್ಕೆ ಬಟ್ಟೆ ಅಂಗಡಿಯಿಂದ ತಂದ ರಟ್ಟಿನ ಕೊಳವೆ, ಗೋಡೆಗೆ ಥರ್ಮಾಕೋಲ್, ಮಾಡಿಗೆ, ಎಂದರೆ ಚಾವಣಿಗೆ, ತೆಳು ಪ್ಲೈವುಡ್. ನಕ್ಷತ್ರಗಳನ್ನು ಅವಳೇ ಬರೆದಳು, ನಾಲ್ಕು ಬರೆದು ಒಮ್ಮೆ ಕೂತು.

ಈಗ ಆ ಚಾವಣಿ ಒಂದು ಬದಿಗೆ ಕುಸಿದು ದೊಡ್ಡ ಗೋಡೆಯನ್ನು ಹೊರಕ್ಕೆ ದೂಡುತ್ತಿತ್ತು. ನಾನು ಹಾಲ್‌ಗೆ ಬಂದು ಬಗ್ಗಿ ಕಂಬದ ಬುಡ ಮುಟ್ಟಿದೆ. ಒದ್ದೆ. ರಾಗಿಯ ತಟ್ಟೆಗಳನ್ನು ಕಂಬಗಳ ನಡುವೆಯೇ ಇಟ್ಟಿದ್ದೆವು. ಎಲ್ಲ ವರ್ಷದಂತೆ ಲಿಯೋನ್ ಬೆಳಿಗ್ಗೆ ಸಂಜೆ ತಪ್ಪದೆ ನೀರು ಚಿಮುಕಿಸಿದ್ದ. ರಟ್ಟು ನೀರು ಕುಡಿದು ಮೆತ್ತಗಾಗಿತ್ತು.

"ಎಂತ ಇಬ್ಬರೂ ಕುಶುಕುಶು?"

ಒಳಕೋಣೆಯ ಬಾಗಿಲಲ್ಲಿ ಅಪೊಲಿನ್, ಮೂಗಿನಿಂದ ತೆಗೆದ ನಳಿಕೆ ಕೈಯಲ್ಲಿ.

"ಎಂತ ಇಲ್ಲ. ನೀನು ಮಲಕ್ಕೋ," ಎಂದ ಲಿಯೋನ್. ಅವನ ಎರಡೂ ಅಂಗೈ ಆಗಲೇ ಗೋಡೆಯ ಮೇಲಿದ್ದವು.

"ಗೋಡೆಗೆ ಜ್ವರ ಬಂದದ್ದಾ, ಹಾಗೆ ಮುಟ್ಟಿ ನೋಡ್ತಿದ್ದೀ?"

ಅಷ್ಟರಲ್ಲಿ ಒಂದು ಕಂಬ ಮಡಚಿಕೊಂಡಿತು. ಗೋಡೆ ಲಿಯೋನನ ಕೈಗಳ ಮೇಲೆ ಒರಗಿತು. ಅದೇ ಹೊತ್ತಿಗೆ ಫ್ಲ್ಯಾಟಿನ ಗಂಟೆ ಬಾರಿಸಿತು.

"ಆನ್ಸನ್ ಬಾಬ್ ಬಂದ್ರು!" ಎಂದ ಲಿಯೋನ್. "ಜ್ಯೋತ್ಸ್ನಕ್ಕ, ಒಂದು ಕುರ್ಚಿ ಕೊಡಿ. ಮಾಡಿನ ಅಡಿಗೆ ಎಂತಾದ್ರೂ ಕೊಡುವ."

"ಬೇಡ," ಎಂದಳು ಅಪೊಲಿನ್. ಮನೆಯ ಗೋಡೆಗೆ ಕೈಯೂರಿಕೊಂಡು ಹತ್ತಿರ ಬಂದು ಕುಸಿದ ಬದಿಯನ್ನು ನೋಡಿದಳು. ನನಗೆ ಅವಳ ಉಸಿರು ಕೇಳುತ್ತಿತ್ತು. ಗಂಟೆ ಮತ್ತೆ ಬಾರಿಸಿತು.

"ಯಾರೂ ಬಾಗಿಲು ತೆಗಿಬೇಡಿ. ಮಾಡು ತೆಗಿಯುವ."

"ಹುಚ್ಚಾ ನಿಂಗೆ? ಅದಕ್ಕಾಗಿಯೇ ಅಲ್ವಾ ಇಷ್ಟೆಲ್ಲ ಮಾಡಿದ್ದು!"

"ಮಾಡು ಇಟ್ಟುಕೊಂಡ್ರೆ ಗೋಡೆ ಹೋಗ್ತದೆ ಲಿಯೋನ್. ಮಾಡು ಆ ಚಿಕ್ಕ ಇಗರ್ಜಿಯ ಮೇಲೇ ಬೀಳ್ತದೆ. ನೀನು ಕೈ ಬಿಡ್ಬೇಡ. ಆಚೆ ಕೊನೆಯಿಂದ ಕೊಯ್ಯಬೇಕು."

ಬ್ಲೇಡು ಅವಳೇ ಎತ್ತಿಕೊಂಡಳು. ಬೆರಳು ನಿಲ್ಲಲಿಲ್ಲ. ಇಷ್ಟು ವರ್ಷ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದ ನರ್ಸು ತನ್ನ ಕೈಯನ್ನೇ ಒಂದು ಕ್ಷಣ ಬೇರೆಯವರದ್ದೆಂಬಂತೆ ನೋಡಿದಳು. ಮತ್ತೆ ಬ್ಲೇಡಿನ ಹಿಡಿಯನ್ನು ನನ್ನ ಕಡೆ ತಿರುಗಿಸಿ ಅಂಗೈಗೆ ಗಟ್ಟಿಯಾಗಿ ಇಟ್ಟಳು.

"ಡಾಕ್ಟರಿಗೆ ಹೀಗೆ ಕೊಡುದು. ಕೊಯ್ಯಿ."

ನಾನು ಕೊಯ್ದೆ. ಅಂಟು ಬಿಟ್ಟುಕೊಳ್ಳುವಾಗ ಗೋಡೆ ಕಿರುಗುಟ್ಟಿತು. "ನಿಧಾನ... ಈಗ ಈಚೆ... ಲಿಯೋನ್, ಉಸಿರು ಹಿಡಿದುಕೊಳ್ಬೇಡ, ಅದು ನನ್ನ ಕೆಲಸ," ಎನ್ನುತ್ತಿದ್ದಳು. ಲಿಯೋನ್ ನಗಲಿಲ್ಲ. ಅವನ ಮುಖದ ನೀರು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕೊನೆಯ ಅಂಟು ಬಿಟ್ಟಿತು. ನಕ್ಷತ್ರಗಳ ಚಾವಣಿಯನ್ನು ನಾನು ಎತ್ತಿ ಸೋಫಾದ ಹಿಂದೆ ಇಟ್ಟೆ. ಲಿಯೋನ್ ಒಂದು ಕೈ ಬಿಟ್ಟ, ಇನ್ನೊಂದನ್ನೂ ಬಿಟ್ಟ. ಗೋಡೆ ನಿಂತಿತು, ತುಸು ವಾಲಿಕೊಂಡು.

ನಾನು ಬಾಗಿಲು ತೆಗೆದೆ. ಆನ್ಸನ್ ಬಾಬ್ ಒಳಗೆ ಬಂದು ಗೋದಲಿಯನ್ನು ಈ ಕೊನೆಯಿಂದ ಆ ಕೊನೆಗೆ ನೋಡಿದರು. "ಇದು ಇನ್ನೂ ಮುಗೀಲಿಲ್ವಾ ಅಪೊಲಿನ್ ಬಾಯಿ?"

"ಇಲ್ಲ ಬಾಬ್. ಅಲ್ಲಿಯೂ ಮುಗೀಲಿಲ್ಲ."

ಬಹುಮಾನ ಹಮದ್ ಟೌನಿನ ಒಂದು ಮನೆಗೆ ಹೋಯಿತು. ಅವರು ನೀರು ಹರಿಯುವ ಜಲಪಾತ ಮಾಡಿದ್ದರಂತೆ. "ಅಲ್ಲಿ ಎಷ್ಟು ಕಂಬ ಒದ್ದೆಯಾಯ್ತೋ," ಎಂದು ಅಪೊಲಿನ್ ಕೆಮ್ಮು ಬರುವಷ್ಟು ನಕ್ಕಳು.

ಈಸ್ಟರಿಗೆ ಮೊದಲೇ ಅವಳು ಹೋದಳು. ಫ್ಲ್ಯಾಟು ಬಿಡುವಾಗ ಲಿಯೋನ್ ಗೋಡೆಯನ್ನು ನನಗೆ ಕೊಟ್ಟ. ಕಾರಿನಲ್ಲಿ ಹಿಡಿಸಲಿಲ್ಲ. ಎರಡು ತುಂಡು ಮಾಡುವ ಎಂದು ಅವನೇ ಬ್ಲೇಡು ತಂದ. ನಾನು ಕೈ ಚಾಚಲಿಲ್ಲ. ಪಿಕಪ್ ತರಿಸಿದೆವು.

ಈಗ ಅದು ಬುದಯ್ಯ ಊರಿನಲ್ಲಿ ನನ್ನ ಮನೆಯ ಕಿಟಕಿಯ ಮುಂದೆ ಇದೆ. ಬೆಳಿಗ್ಗೆ ಗೋಡೆಯ ಕಮಾನಿನೊಳಗಿಂದ ಬಿಸಿಲು ಬಂದು ನೆಲದ ಮೇಲೆ ಬೀಳುತ್ತದೆ. ಯಾವುದಕ್ಕೂ ಒರಗಿಸಿಲ್ಲ.