ಗಡಿಗೆಯ ತಳದ ಕಪ್ಪು

ಮಸಿಯಕ್ಕನ ನಿಜವಾದ ಹೆಸರೇನೆಂದು ಆ ಬೀದಿಯಲ್ಲಿ ಯಾರನ್ನು ಕೇಳಿದರೂ ತಲೆ ಕೆರೆದುಕೊಳ್ಳುತ್ತಾರೆ. ಬಟ್ಟೆಗೆ ಅಚ್ಚು ಒತ್ತುವವರ ಬೀದಿ ಅದು. ಅಲ್ಲಿ ಎಲ್ಲರ ಕೈಗೂ ಏನಾದರೊಂದು ಬಣ್ಣ ಇದ್ದೇ ಇರುತ್ತದೆ, ಆದರೆ ಇವಳ ಕೈ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಕಪ್ಪು. ಹುಟ್ಟಿನಿಂದ ಬಂದದ್ದಲ್ಲ. ತುಕ್ಕು ಹಿಡಿದ ಕಬ್ಬಿಣದ ಚೂರು, ಬೆಲ್ಲ, ನೀರು, ಇಷ್ಟನ್ನು ಗಡಿಗೆಗೆ ಹಾಕಿ ಹಿತ್ತಲ ಬಿಸಿಲಲ್ಲಿ ಕೊಳೆಯಲು ಬಿಡಬೇಕು. ಆ ನೀರಿಗೆ ಹುಣಸೆಬೀಜದ ಗಂಜಿ ಬೆರೆಸಿ, ಅಳಲೆಕಾಯಿಯ ಕಷಾಯದಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಮೇಲೆ ಒತ್ತಿದರೆ ಕಣ್ಣೆದುರೇ ಕಪ್ಪು ಮೂಡುತ್ತದೆ. ಬಟ್ಟೆಯನ್ನು ಕಪ್ಪಾಗಿಸಿದ್ದು ಕೈಯನ್ನು ಬಿಟ್ಟೀತೇ? ಗಡಿಗೆಯ ನಾತ ಹೇಗಿತ್ತೆಂದರೆ ಬೀದಿಯ ಬೆಕ್ಕುಗಳೂ ಆ ಹಿತ್ತಲು ಬಿಟ್ಟು ಆಚೆ ಮನೆ ಸೇರಿದ್ದವು.

ಕಪ್ಪು ಮಾಡುವುದನ್ನು ಅವಳಿಗೆ ಕಲಿಸಿದ್ದು ಅಪ್ಪ. ಅದಕ್ಕೂ ಮೊದಲು ಕಲಿಸಿದ್ದು ಗುಬ್ಬಿ ಒತ್ತುವುದನ್ನು. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಮರದ ಅಚ್ಚು, ಅಪ್ಪನೇ ಕೆತ್ತಿದ್ದು. ಬಟ್ಟೆಯ ಕೆಲಸವೆಲ್ಲ ಮುಗಿದ ಮೇಲೆ ಮೂಲೆಯಲ್ಲಿ ಕಪ್ಪು ಗುಬ್ಬಿಯೊಂದನ್ನು ಒತ್ತಿದರೆ ಅದು ಅವರ ಮನೆಯ ಬಟ್ಟೆ ಅಂತ ಲೆಕ್ಕ. ಮೇಜು ಎಟುಕದ ವಯಸ್ಸಿನಲ್ಲಿ ಅಪ್ಪ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಗುಬ್ಬಿ ಒತ್ತಿಸುತ್ತಿದ್ದ. ಅಪ್ಪ ಹೋದ ಮೇಲೆ ಮನೆ, ಅಂಗಡಿ, ಮೇಜು, ಅಚ್ಚುಗಳು ಎಲ್ಲ ಅಣ್ಣನ ಪಾಲಾದವು. ಅಣ್ಣನ ಬಾಯಿ ಅತ್ತಿಗೆಯ ಪಾಲಾಗಿ ಆಗಲೇ ಬಹಳ ದಿನವಾಗಿತ್ತು.

ವಯಸ್ಸಿನಲ್ಲಿ ಮಸಿಯಕ್ಕನಿಗೆ ಒಂದು ಸಂಬಂಧ ಬಂದಿತ್ತು. ಮಗ್ಗದವರ ಮನೆಯ ಹುಡುಗ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಅವಳಿಗೂ ಒಪ್ಪಿಗೆಯಾಗಿತ್ತು. ಇನ್ನೇನು ಆಗಿಯೇ ಹೋಯಿತು ಅನ್ನುವಾಗ ಅವರು ಸದ್ದಿಲ್ಲದೆ ಹಿಂದೆ ಸರಿದರು. ಆಮೇಲೆ ಬಂದವರೂ ಹಾಗೇ ಸರಿದರು. ತನ್ನ ಹಣೆಬರಹವೇ ಇಷ್ಟು ಅಂದುಕೊಂಡು ಅವಳು ಗಡಿಗೆ ಕಲಕುತ್ತಾ ತಲೆಗೂದಲು ಬೆಳ್ಳಗಾಗಿಸಿಕೊಂಡಳು.

ಹಣೆಬರಹವಂತೆ. ಬರೆದವರು ಮನೆಯೊಳಗೇ ಇದ್ದರು.

ಎಷ್ಟೋ ವರ್ಷಗಳ ಮೇಲೆ ಆ ಮಗ್ಗದವರ ಹುಡುಗನ ಸೋದರತ್ತೆ ಒಂದು ದಿನ ಹಾಸಿಗೆಯ ಹೊದಿಕೆ ಕೊಳ್ಳಲು ಅಂಗಡಿಗೆ ಬಂದಳು. ಮಸಿಯಕ್ಕನ ಕೈ ನೋಡಿ ಪಾಪ ಅನ್ನಿಸಿರಬೇಕು, ಮೆಲ್ಲಗೆ ಕೇಳಿದಳು. "ಈಗ ಹೇಗಿದೆಯಮ್ಮಾ ಆ ರೋಗ? ಮೇಲಕ್ಕೇನೂ ಹಬ್ಬಲಿಲ್ಲ ತಾನೆ?"

"ಯಾವ ರೋಗ?"

"ಅದೇ, ಚರ್ಮದ್ದು. ನಿಮ್ಮತ್ತಿಗೆ ಮನೆಗೇ ಬಂದು ಹೇಳಿದ್ರಲ್ಲ, ಹುಟ್ಟೋ ಮಕ್ಕಳಿಗೂ ಬರುತ್ತೆ ಅಂತ. ನಮ್ಮ ಮನೆ ಉಳಿಸಿದ ಪುಣ್ಯಾತ್ಗಿತ್ತಿ."

ಮಸಿಯಕ್ಕ ಹೊದಿಕೆ ಮಡಚಿ ಕೊಟ್ಟಳು. ನೆಟ್ಟಗೆ ಅಡುಗೆಮನೆಗೆ ಹೋಗಿ ಅತ್ತಿಗೆಯ ಎದುರು ನಿಂತಳು. ಅತ್ತಿಗೆ ಇಲ್ಲ ಅನ್ನಲೂ ಇಲ್ಲ.

"ಹೌದು, ಹೇಳಿದೆ. ನೀನು ಹೋಗಿದ್ದಿದ್ರೆ ಈ ಮನೇಲಿ ಕಪ್ಪು ಯಾರು ಮಾಡ್ತಿದ್ರು? ನಿಮ್ಮಣ್ಣಂಗೆ ಬರುತ್ತಾ? ಇಷ್ಟು ದಿನ ಅನ್ನ ಹಾಕ್ಲಿಲ್ವಾ ನಾವು?"

ಅಣ್ಣ ಬಾಗಿಲ ಹಿಂದೆಯೇ ಇದ್ದ. ಎಲ್ಲ ಕೇಳಿಸಿಕೊಂಡು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಎಂಥ ಗಂಡಸೋ ಏನೋ.

ಮಸಿಯಕ್ಕ ಮಾರನೆಯ ದಿನವೇ ಗಂಟು ಕಟ್ಟಿದಳು. ಬೀದಿಯ ಕೊನೆಯಲ್ಲಿ ಸ್ವಂತಕ್ಕೆ ಬಟ್ಟೆ ಒತ್ತಲೆಂದು ಒಂದು ಕೋಣೆ ಹಿಡಿದಳು. ಹೊರಡುವಾಗ ಗುಬ್ಬಿಯ ಅಚ್ಚನ್ನು ಮಾತ್ರ ಕೊಡಿ ಅಂತ ಕೇಳಿದಳು. "ಅದು ಅಂಗಡಿಯದ್ದು," ಅಂದಳು ಅತ್ತಿಗೆ. ಅಷ್ಟು ಹೇಳಿ ಹಿಂದೆಯೇ, ಏನೂ ಆಗಿಲ್ಲವೆನ್ನುವ ಹಾಗೆ, "ಹೋಗೋದೇ ಆದ್ರೆ ಕಪ್ಪು ಮಾಡೋದು ಕಲಿಸಿ ಹೋಗು" ಅಂದಳು. ಆ ಧೈರ್ಯ ನೋಡಿ. ಇನ್ನೊಬ್ಬಳಾಗಿದ್ದರೆ ಗಡಿಗೆಯನ್ನೇ ಎತ್ತಿ ತಲೆಯ ಮೇಲೆ ಸುರಿಯುತ್ತಿದ್ದಳು.

ಮಸಿಯಕ್ಕ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದಳು. ಕಬ್ಬಿಣ ಎಷ್ಟು, ಬೆಲ್ಲ ಎಷ್ಟು, ನೊರೆ ಯಾವಾಗ ಇಳಿಯಬೇಕು, ಗಂಜಿ ಎಷ್ಟು ಹದ, ಒಂದನ್ನೂ ಮುಚ್ಚಿಡದೆ ಹೇಳಿಕೊಟ್ಟಳು. ಒಂದೇ ಒಂದನ್ನು ತಿರುಗಿಸಿ ಹೇಳಿದಳು. ಗಡಿಗೆಯ ಮೇಲಿನ ತಿಳಿನೀರನ್ನು ಮಾತ್ರ ಬಸಿದುಕೊಳ್ಳಬೇಕು, ತಳದ ಗಸಿ ಮುಟ್ಟಬಾರದು ಅಂತ ಅಪ್ಪ ಬಡಿದುಕೊಳ್ಳುತ್ತಿದ್ದ. ಒತ್ತಿ ಒಣಗಿದ ಬಟ್ಟೆಯನ್ನು ಹರಿವ ನೀರಲ್ಲಿ ಚೆನ್ನಾಗಿ ಜಾಲಿಸಬೇಕು, ಇಲ್ಲದಿದ್ದರೆ ಮಿಕ್ಕ ಕಬ್ಬಿಣ ನೂಲನ್ನು ತಿನ್ನುತ್ತದೆ ಅನ್ನುತ್ತಿದ್ದ. ಇವಳು ಹೇಳಿದ್ದು, "ತಳ ಚೆನ್ನಾಗಿ ಕಲಕಿ ಗಟ್ಟೀನೇ ತಗೊಳ್ಳಿ ಅತ್ತಿಗೆ. ಜಾಸ್ತಿ ತೊಳೀಬೇಡಿ, ಕಪ್ಪು ಇಳಿದುಹೋಗುತ್ತೆ."

ಗಸಿಯ ಕಪ್ಪಿನ ಗುಣವೇ ಅದು. ಇವತ್ತು ಕಣ್ಣು ಕೋರೈಸುತ್ತದೆ. ಬಟ್ಟೆ ತಿನ್ನಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಮಸಿಯಕ್ಕನಿಗೆ ಅವಸರವಿರಲಿಲ್ಲ. ತನ್ನ ಯೌವನ ತಿನ್ನಲು ಅತ್ತಿಗೆ ತೆಗೆದುಕೊಂಡಷ್ಟು ಹೊತ್ತನ್ನು ತಾನೂ ತೆಗೆದುಕೊಳ್ಳುವುದೆಂದು ಅವಳ ಲೆಕ್ಕ.

ಅವಳು ಲೆಕ್ಕಕ್ಕೆ ಹಿಡಿಯದ ಸಂಗತಿಯೊಂದಿತ್ತು. ಅತ್ತಿಗೆಯ ಕಪ್ಪು ಹೆಸರು ಮಾಡಿತು. ಇದ್ದಿಲಿನಂಥ ಕಪ್ಪು, ಎಲೆಯ ಅಂಚು ಗೆರೆ ಕೊರೆದ ಹಾಗೆ ಎದ್ದು ಕಾಣುವ ಕಪ್ಪು. ಗಿರಾಕಿಗಳು ಮುಗಿಬಿದ್ದರು. ಮಸಿಯಕ್ಕನ ಕೋಣೆಗೆ ಬಂದವರೂ ಅವಳ ಬಟ್ಟೆ ಮುಟ್ಟಿ ನೋಡಿ, "ಚೆನ್ನಾಗಿದೆ, ಆದ್ರೆ ಅಲ್ಲಿಯ ಕಪ್ಪಿನ ಮುಂದೆ ಸ್ವಲ್ಪ ಮಂಕು" ಅಂದು ಮೂಗು ಮುರಿಯುತ್ತಿದ್ದರು. ಬೀದಿಯ ನಲ್ಲಿಯ ಹತ್ತಿರ ಅತ್ತಿಗೆ ಅವಳಿಗೆ ಕೇಳಿಸಲೆಂದೇ ಹೇಳುತ್ತಿದ್ದಳು, "ಅಷ್ಟು ವರ್ಷ ಮಾಡಿದ್ರೂ ಅವಳಿಗೆ ಹಿಡಿತ ಸಿಗಲಿಲ್ಲ ನೋಡಿ. ನನಗೆ ಕೈಗುಣ." ಮಸಿಯಕ್ಕ ಬಿಂದಿಗೆ ತುಂಬಿಕೊಂಡು ತಲೆ ತಗ್ಗಿಸಿ ಬರುತ್ತಿದ್ದಳು. ಬಾಗಿಲು ಹಾಕಿಕೊಂಡು ತಿಳಿನೀರು ಬಸಿಯುತ್ತಾ, ತಿನ್ನು, ತಿನ್ನು, ಬೇಗ ತಿನ್ನು ಅಂತ ಕಬ್ಬಿಣಕ್ಕೇ ಹೇಳುತ್ತಿದ್ದಳು. ತನ್ನ ಬಟ್ಟೆಗಳ ಮೂಲೆಯನ್ನು ಮಾತ್ರ ಖಾಲಿ ಬಿಟ್ಟಿದ್ದಳು. ಗುಬ್ಬಿಯ ಜಾಗದಲ್ಲಿ ಇನ್ನೇನನ್ನೂ ಒತ್ತಲು ಅವಳಿಗೆ ಮನಸ್ಸು ಬರಲಿಲ್ಲ.

ಕೊನೆಗೂ ಕಬ್ಬಿಣ ಮಾತು ಕೇಳಿತು. ಮೊದಲು ಒಬ್ಬರು ಹೊದಿಕೆ ವಾಪಸ್ ತಂದರು ಅಂತ ಸುದ್ದಿ. ಆಮೇಲೆ ಇನ್ನೊಬ್ಬರು. ಕೆಂಪು ಹೂವು, ನೀಲಿ ಎಲೆ ಎಲ್ಲ ಗಟ್ಟಿಯಾಗೇ ಇವೆಯಂತೆ, ಕಪ್ಪು ಗೆರೆ ಇದ್ದಲ್ಲೆಲ್ಲ ಬಟ್ಟೆ ಪುಡಿಪುಡಿಯಾಗಿ ಉದುರುತ್ತಿದೆಯಂತೆ. ಮಸಿಯಕ್ಕ ಆ ದಿನ ಹೊಟ್ಟೆ ತುಂಬ ಉಂಡಳು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆಯೇ ಬಂದಳು. ಮುಖ ಇಳಿದುಹೋಗಿತ್ತು. ಕಂಕುಳಲ್ಲಿ ಒಂದು ಗಂಟು. ಕೂರಿ ಅನ್ನುವ ಮೊದಲೇ ಕೂತಳು.

"ಏನು ಬಿಟ್ಟು ಹೇಳಿದೆ ನಂಗೆ?"

ಈ ಪ್ರಶ್ನೆಗಾಗಿ ಮಸಿಯಕ್ಕ ಎಷ್ಟು ಕಾದಿದ್ದಳು. ನಾಲಿಗೆಯ ಮೇಲೆ ಇಟ್ಟುಕೊಂಡ ಕಲ್ಲುಸಕ್ಕರೆ ಕರಗದ ಹಾಗೆ ಮೆಲ್ಲಗೆ ಹೇಳಿದಳು. "ಬಿಟ್ಟು ಹೇಳ್ಲಿಲ್ಲ ಅತ್ತಿಗೆ. ತಿರುಗಿಸಿ ಹೇಳಿದೆ. ತಳ ಕಲಕಬಾರದಿತ್ತು. ಚೆನ್ನಾಗಿ ತೊಳೀಬೇಕಿತ್ತು."

"ಗೊತ್ತಿದ್ದೂ?"

"ಗೊತ್ತಿದ್ದೇ. ನಂಗೆ ರೋಗ ಇಲ್ಲ ಅಂತ ನಿಮಗೂ ಗೊತ್ತಿತ್ತಲ್ಲ."

ಅತ್ತಿಗೆ ಬೈಯಲಿಲ್ಲ, ಅಳಲೂ ಇಲ್ಲ. ಗಂಟು ಬಿಚ್ಚಿ ಒಂದು ಹೊದಿಕೆಯನ್ನು ಮೇಜಿನ ಮೇಲೆ ಹರಡಿದಳು. ಎಲೆಗಳ ಅಂಚೆಲ್ಲ ತೂತು. ಮಸಿಯಕ್ಕನ ಕಣ್ಣು ತಣ್ಣಗಾಯಿತು. ಅತ್ತಿಗೆ ಮೂಲೆಯನ್ನು ಎಳೆದು ಅವಳ ಮುಂದಕ್ಕೆ ತಂದಳು. ಅಲ್ಲಿ ಗುಬ್ಬಿಯ ಆಕಾರದ ಒಂದು ತೂತಿತ್ತು. ಕೊಕ್ಕು, ಬಾಲ, ಪುಟ್ಟ ಹೊಟ್ಟೆ, ಎಲ್ಲವೂ ಹೋಗಿ, ಅದರೊಳಗಿಂದ ಮೇಜಿನ ಮರ ಕಾಣುತ್ತಿತ್ತು.

"ನನ್ನ ಹೆಸರು ಹೇಳಿ ಯಾರೂ ಬೈತಿಲ್ಲ," ಅಂದಳು ಅತ್ತಿಗೆ. "ನನ್ನ ಹೆಸರು ಯಾರಿಗೆ ಗೊತ್ತು? ಗುಬ್ಬಿ ಬಟ್ಟೆ ತಗೋಬೇಡಿ, ಪುಡಿಯಾಗುತ್ತೆ, ಮೋಸ ಅಂತಾರೆ. ಸಂತೆಯಲ್ಲೆಲ್ಲ ಅದೇ ಮಾತು. ನಾವು ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟ್ವಿ." ಮಡಿಲಿನಿಂದ ಅಪ್ಪನ ಅಚ್ಚನ್ನು ತೆಗೆದು ತೂತಿನ ಪಕ್ಕದಲ್ಲಿಟ್ಟಳು. "ಕೇಳಿದ್ದೆಯಲ್ಲ. ಇಟ್ಕೋ. ಇನ್ನು ನಮಗೆ ಬೇಡ."

ಅವಳು ಹೋದ ಮೇಲೆ ಮಸಿಯಕ್ಕ ಅಚ್ಚನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದಳು. ಗೆದ್ದಿದ್ದಳು. ಆಮೇಲೆ ಎದ್ದು, ತಿಳಿನೀರಿನ ಒಳ್ಳೆಯ ಕಪ್ಪಿನಲ್ಲಿ ಅದ್ದಿ, ಕಪಾಟಿನಲ್ಲಿದ್ದ ಹೊದಿಕೆಯೊಂದರ ಮೂಲೆಗೆ ಗುಬ್ಬಿ ಒತ್ತಿದಳು. ಸರಿಯಾಗಿ ಬಿತ್ತು. ಕೈ ಮರೆತಿರಲಿಲ್ಲ.

ಒಣಗಿಸಿ, ಹರಿವ ನೀರಲ್ಲಿ ಜಾಲಿಸಿ, ಅದನ್ನೇ ಎಲ್ಲಕ್ಕಿಂತ ಮೇಲಿಟ್ಟಳು. ಆ ವಾರ ಬಂದ ಮೊದಲ ಗಿರಾಕಿ, ಮಗುವನ್ನು ಎತ್ತಿಕೊಂಡಿದ್ದ ಹೆಂಗಸು, ಅದನ್ನೇ ಕೈಗೆತ್ತಿಕೊಂಡಳು. ಮೈ ಸವರಿದಳು, ಬೆಳಕಿಗೆ ಹಿಡಿದಳು. ಮೂಲೆ ತಿರುಗಿಸಿ ನೋಡಿದಳು. ಆಮೇಲೆ ಮೊದಲಿದ್ದ ಮಡಿಕೆಯಲ್ಲೇ ಮಡಚಿ ಕೆಳಗಿಟ್ಟಳು.

"ಗುಬ್ಬಿ ಇಲ್ಲದ್ದು ಇದೆಯಾ ಅಕ್ಕಾ?"

ಮಸಿಯಕ್ಕ ಗುಬ್ಬಿಯ ಹೊದಿಕೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ "ಇದೆ" ಅಂದು, ಕಪಾಟಿನಿಂದ ಖಾಲಿ ಮೂಲೆಯ ಹೊದಿಕೆಯೊಂದನ್ನು ಇಳಿಸಿ ಕೊಟ್ಟಳು.