ಅನುದಾನಕ್ಕಾಗಿ ಎತ್ತಿದ ಕೈ

ಕೃಷ್ಣಾತೀರದ ಸಕಲ ಪ್ರಜೆಗಳೇ, ಓದದೆಯೇ ಲೈಕ್ ಒತ್ತುವ ಮಹನೀಯರೇ, ಈ ಬಡವನ ಬಲಗೈ ಇಂದು ಸರ್ಕಾರಿ ಸೇವೆ ಸಲ್ಲಿಸಿತೆಂದು ವಿನಮ್ರನಾಗಿ ನಿವೇದಿಸುತ್ತೇನೆ.

ಮುಂದಿನ ಪ್ರವಾಹಕ್ಕೆ ಮೊದಲೇ ಯೋಜನೆ ಮಾಡಿಕೊಳ್ಳಲು ನಮ್ಮ ಪುರಸಭೆ ಅನುದಾನ ಕೇಳುತ್ತಿದೆ. ಅರ್ಜಿಯ ಜೊತೆ, ಈ ಸಲ ನೀರು ಎಷ್ಟು ಎತ್ತರ ಬಂದಿತ್ತೆಂದು ತೋರಿಸುವ ಫೋಟೊ ಬೇಕಂತೆ. ಆದರೆ ದಸರೆಗೆಂದು ಓಣಿಯ ಹೆಣ್ಣುಮಕ್ಕಳೆಲ್ಲ ಗೋಡೆಗೆ ಸುಣ್ಣ ಬಳಿದು ನೀರಿನ ಗುರುತು ಅಳಿಸಿಬಿಟ್ಟಿದ್ದಾರೆ. ಹಾಗಾಗಿ ಎಂಜಿನಿಯರ್ ಸಾಹೇಬರು ನನ್ನನ್ನು ಪಕ್ಕದ ಮನೆಯ ಮಾರುತಿ ಕಾಕಾನ ಗೋಡೆಗೆ ನಿಲ್ಲಿಸಿ, "ನೀರು ಎಲ್ಲೀತನಕ ಬಂದಿತ್ತು, ಕೈಲೆ ತೋರಸು" ಎಂದರು. ಅನುದಾನ ಹೆಚ್ಚು ಬರಲೆಂದು ನಾನು ಕೈಯನ್ನು ತಲೆಗಿಂತ ಮೇಲೆ ಎತ್ತಿದೆ.

"ಖರೇನ ಅಷ್ಟ ಇತ್ತೇನೋ ತಮ್ಮಾ?" ಎಂದ ಕಾಕಾ. "ನೀರು ಇಳದ ಮ್ಯಾಲೆ ಕಾಳಜಿ ಕೇಂದ್ರದಿಂದ ಬಂದಾಗ ನಾ ಗ್ವಾಡಿ ನೋಡಲಿಲ್ಲ, ಕಟ್ಟಿದಲ್ಲೆ ಸತ್ತಿದ್ದ ನನ್ನ ಎಮ್ಮಿ ನೋಡಿದ್ನಿ. ನೀರು ಎದಿಮಟ್ಟ ಇತ್ತೋ ಏನೋ, ಹಗ್ಗ ಉದ್ದ ಬಿಟ್ಟಿದ್ರ ತಲಿ ಎತ್ತಿ ಉಳೀತಿತ್ತು ಅಂತ ದಿನಾ ಅನಸ್ತೈತಿ. ನಾನ ಗಿಡ್ಡ ಕಟ್ಟಿ ಹೋದ್ನಿ."

ಸಾಹೇಬರು ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ನನ್ನ ನಗು ನಿಂತುಹೋಗಿತ್ತು.

"ಇಲ್ಲ ಕಾಕಾ, ಇನ್ನೂ ಮ್ಯಾಲಿತ್ತು" ಎಂದು ಕೈಯನ್ನು ಮತ್ತಷ್ಟು ಎತ್ತಿದೆ. "ನಾ ಕಣ್ಣಾರೆ ನೋಡೇನಿ. ಹಗ್ಗ ಎಷ್ಟ ಉದ್ದ ಬಿಟ್ಟಿದ್ರೂ ಮುಳಗತಿತ್ತು."

ಕಾಕಾ ತಲೆಯೆತ್ತಿ ನನ್ನ ಬೆರಳ ತುದಿಯನ್ನೇ ನೋಡಿದ. ಆಮೇಲೆ "ಹಂಗಾರ ಆತ ಬಿಡು" ಎಂದು ಟವೆಲಿನಿಂದ ಮುಖ ಒರೆಸಿಕೊಂಡ. ಫೋಟೊ ಅರ್ಜಿಯ ಜೊತೆ ಹೋಯಿತು.

ಮಹನೀಯರೇ, ಕಾಕಾನ ಬಳಿ ಇರುವುದು ಸಾದಾ ಫೋನು, ಇದನ್ನು ಓದಲಾರ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ. ನೀರು ಬಂದ ದಿನ ನಾನು ಊರಲ್ಲೇ ಇರಲಿಲ್ಲ, ಹಾರೂಗೇರಿಯ ಅತ್ತೆಯ ಮನೆಯಲ್ಲಿದ್ದೆ.