ಗಾಳಿ ಇಳಿಸಿದ್ದು ನಾನು

ಬಸ್ಸು ನಿಂತಾಗ ಅದರ ಮೂತಿಗೂ ಕಾರಿನ ಎಡಬಾಗಿಲಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಆ ಬಾಗಿಲಿನ ಒಳಗೆ ನಮ್ಮ ಮನೆಯ ಮಾಲೀಕರಮ್ಮ ಕುಳಿತಿದ್ದರು. ಈಗಲೂ ಹಲ್ಲುಜ್ಜುವಾಗ, ಆಫೀಸಿನಲ್ಲಿ ಯಾರಾದರೂ ಕುರ್ಚಿ ಕಿರ್ರೆಂದು ಎಳೆದಾಗ, ಆ ಒಂದು ಮೊಳ ಕಣ್ಣ ಮುಂದೆ ಬರುತ್ತದೆ. ಕೆಲವು ಸಲ ಬಸ್ಸು ನಿಲ್ಲುವುದಿಲ್ಲ.

ಜರಗನಹಳ್ಳಿಯಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಆರು ವರ್ಷದಿಂದ ಬಾಡಿಗೆಗಿದ್ದೇನೆ. ಕೆಳಗೆ ಅವರು, ನಾನೂ ಅಮ್ಮ ಎಂದೇ ಕರೆಯುವುದು, ಮತ್ತು ಅವರ ಒಬ್ಬನೇ ಮಗ. ರಸ್ತೆಯ ಮಗ್ಗುಲಿಗೆ ಅವರದೇ ಎರಡು ಅಂಗಡಿ. ಮೂಲೆಯದನ್ನು ಪಂಕ್ಚರ್ ಹಾಕುವವರೊಬ್ಬರು ಬಾಡಿಗೆಗೆ ಹಿಡಿದಿದ್ದಾರೆ. ಒಂದು ಕಾಲಕ್ಕೆ ಅಲ್ಲೇ ರಾಗಿ, ಅವರೆ ಬೆಳೆದ ಮನೆತನ. ತಲಘಟ್ಟಪುರ ದಾಟಿದ ಮೇಲೆ ಇನ್ನೂ ಹತ್ತು ಗುಂಟೆ ಹೊಲ ಉಳಿದಿದೆ. ಭಾನುವಾರ ಅಲ್ಲಿಗೆ ಹೋಗಿ ಒಂದು ಹಿಡಿ ಸೊಪ್ಪಾದರೂ ಕಿತ್ತು ತರದಿದ್ದರೆ ಅಮ್ಮನಿಗೆ ವಾರ ಮುಗಿದಂತೆ ಆಗುವುದಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಮೋಟರು ನೀರೆತ್ತದಿದ್ದರೆ, ಗೀಸರು ಶಾಕ್ ಹೊಡೆದರೆ, ಮೊದಲು ಮೆಟ್ಟಿಲ ಬುಡದಿಂದ ನನ್ನನ್ನು ಕೂಗುವುದು. ನಾನು ಬಗ್ಗಿ ನೋಡಿ ಹೀಗಾಗಿರಬೇಕು ಎಂದಮೇಲೆಯೇ ರಿಪೇರಿಯವನಿಗೆ ಫೋನು. ಬಂದವನು ಬೇರೆ ಏನಾದರೂ ಹೇಳಿದರೆ, "ನಮ್ ಇಂಜಿನಿಯರಪ್ಪ ಹಂಗೆ ಹೇಳ್ಲಿಲ್ವಲ್ಲ" ಎಂದು ಅಮ್ಮ ಅವನ ಬಾಯಿ ಮುಚ್ಚಿಸುತ್ತಿದ್ದರು. ನಾನು ಓದಿದ್ದು ಮೆಕ್ಯಾನಿಕಲ್ ನಿಜ. ಮಾಡುವುದು ಪಂಪಿನ ಕಂಪನಿಯೊಂದರಲ್ಲಿ ಕೊಟೇಶನ್ ಬರೆಯುವ ಕೆಲಸ. ಸ್ಪ್ಯಾನರ್ ಹಿಡಿದು ಎಷ್ಟು ವರ್ಷವಾಯಿತೋ ನೆನಪಿಲ್ಲ. ಅದನ್ನು ಅವರಿಗೆ ಹೇಳಿರಲಿಲ್ಲ. ಹಾಗೆ ಕರೆಸಿಕೊಳ್ಳುವುದು ಹಿತವಾಗಿತ್ತು.

ಕಳೆದ ವರ್ಷ ಮಗ ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು, ಅರಿಶಿನದ ಬಣ್ಣ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಎನ್ನುವಷ್ಟು ತಗ್ಗು. ಹಿಂದೆ ಇಟ್ಟುಕೊಂಡಿದ್ದವನು ಕಂಪನಿಯ ಸ್ಪ್ರಿಂಗುಗಳನ್ನು ತೆಗೆಸಿ ಗಿಡ್ಡವಾದ, ಬಿರುಸಾದ ಸ್ಪ್ರಿಂಗು ಹಾಕಿಸಿದ್ದ. ಬಿಚ್ಚಿದ ಹಳೆಯ ಸ್ಪ್ರಿಂಗುಗಳನ್ನು ಒಂದು ಗೋಣಿಚೀಲದಲ್ಲಿ ಕಟ್ಟಿ ಕಾರಿನ ಜೊತೆಗೇ ಕೊಟ್ಟಿದ್ದ. ಮೊದಲ ಭಾನುವಾರ ಹೊಲಕ್ಕೆ ಹೋಗಿಬಂದ ಅಮ್ಮ ಜಗಲಿಯ ಮೇಲೆ ಸೊಂಟ ಹಿಡಿದುಕೊಂಡು ಕುಳಿತರು. ಅವರಿಗೆ ಮೊದಲೇ ಬೆನ್ನಿನ ಡಿಸ್ಕ್ ತೊಂದರೆ.

"ಇದೇನ್ ಎತ್ತಿನ ಗಾಡಿ ತಂದ್ಯೋ? ಎತ್ತಿನ ಗಾಡೀಲಾದ್ರೂ ಕೂತ್ಕೊಳಕ್ಕೆ ಹುಲ್ಲು ಹಾಸೋರು."

"ಅಮ್ಮ, ಸ್ಪೋರ್ಟ್ಸ್ ಕಾರು ಅಂದ್ರೆ ಹಂಗೇ ಇರೋದು."

"ಹಂಗಾದ್ರೆ ನೀನೇ ಆಟ ಆಡ್ಕೋ. ನಾನು ಬಸ್ಸಲ್ಲಿ ಹೋಗ್ತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಇಂಜಿನಿಯರಪ್ಪ, ನಿನ್ ಕೈಲೂ ಏನೂ ಆಗಲ್ವಾ?"

ಗೋಣಿಚೀಲದಲ್ಲಿರುವ ಸ್ಪ್ರಿಂಗುಗಳನ್ನೇ ಮತ್ತೆ ಹಾಕಿಸಿದರೆ ಸರಿಹೋಗುತ್ತದೆ ಎಂದೆ. ಮಗ ಒಪ್ಪಲಿಲ್ಲ. "ಕಾರು ಎತ್ತರ ಆಗುತ್ತೆ ಗುರು. ಲುಕ್ಕೇ ಹೋಯ್ತು. ಏರ್‌ಪೋರ್ಟ್ ಟ್ಯಾಕ್ಸಿ ಅನ್ಕೊಂಡು ಜನ ಕೈ ತೋರಿಸ್ತಾರೆ. ಬೇರೆ ಏನಾದ್ರೂ ಹೇಳು."

ಬೇರೆ ಏನೂ ಇಲ್ಲ ಎಂದು ನಾನು ಹೇಳಬೇಕಿತ್ತು. ರಸ್ತೆಯ ಪೆಟ್ಟನ್ನು ಮೊದಲು ಟೈರಿನ ಗಾಳಿ ತಿನ್ನುತ್ತದೆ, ಉಳಿದದ್ದನ್ನು ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು. ಸ್ಪ್ರಿಂಗು ಬಿರುಸಾಗಿದ್ದರೆ ಪೆಟ್ಟು ನೇರ ಸೀಟಿಗೆ ಬರುತ್ತದೆ. ಗಾಳಿ ಇಳಿಸಿದರೆ ಮೆತ್ತಗಾಗುತ್ತದೆ, ಆದರೆ ಅಂಥ ಕಾರಿನ ಟೈರಿನ ಪಕ್ಕದ ಗೋಡೆ ನಾಲ್ಕು ಬೆರಳು ಎತ್ತರವೂ ಇರುವುದಿಲ್ಲ. ಗಾಳಿ ಕಡಿಮೆಯಾದರೆ ಅದು ಮಡಚುತ್ತದೆ, ಕಾಯುತ್ತದೆ, ಜೋರಾಗಿ ತಿರುಗಿಸಿದಾಗ ಚಕ್ರದ ಅಂಚನ್ನೇ ಬಿಟ್ಟುಕೊಡುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದೆ.

"ಬೀಗದ ಕೈ ಕೊಡು, ಗಾಳಿ ಸ್ವಲ್ಪ ಅಡ್ಜಸ್ಟ್ ಮಾಡಿಸ್ತೀನಿ" ಎಂದೆ. ಅಮ್ಮ ನನ್ನನ್ನೇ ನೋಡುತ್ತಿದ್ದರು.

ಶನಿವಾರ ಸಂಜೆ ಕಾರನ್ನು ನಾನೊಬ್ಬನೇ ಮೂಲೆಯ ಅಂಗಡಿಗೆ ತಂದು ನಿಲ್ಲಿಸಿದೆ. ಬಾಗಿಲಿನ ಒಳಅಂಚಿನ ಚೀಟಿಯಲ್ಲಿ ಗಾಳಿಯ ಒತ್ತಡ ಮೂವತ್ತೆರಡು ಎಂದಿತ್ತು. ನಾನು ಇಪ್ಪತ್ತೆರಡು ಎಂದೆ.

ಅಂಗಡಿಯವರು ಪೈಪು ಹಿಡಿದುಕೊಂಡೇ ತಲೆಯೆತ್ತಿದರು. "ಇಪ್ಪತ್ತೆರಡಾ ಸಾರ್? ಈ ಟೈರ್‌ಗೆ ತೀರಾ ಕಮ್ಮಿ ಆಯ್ತು. ಒಂದೆರಡು ಬೇಕಾದ್ರೆ ಇಳ್ಸೋಣ, ಅಷ್ಟೊಂದು ಬೇಡ."

"ಅಣ್ಣ, ನಾನು ಓದಿರೋದೇ ಇದು."

"ನೀವು ಓದಿದೀರ ಸಾರ್. ನಾನು ಬಿಚ್ಚಿದೀನಿ."

"ಬಿಡಿ ಅಣ್ಣ, ಗಾಳಿ ಬಿಡಿ."

ಅವರು ಬಿಟ್ಟರು. ನಾಲ್ಕು ಚಕ್ರಕ್ಕೂ ಬಗ್ಗಿ, ಪ್ರತಿ ಸಲವೂ ಗೇಜನ್ನು ನನ್ನ ಕಡೆ ಹಿಡಿದು ತೋರಿಸಿದರು. ನಾನು ಮೊಬೈಲ್ ನೋಡುತ್ತಾ ಹೂಂ ಅನ್ನುತ್ತಿದ್ದೆ.

ಭಾನುವಾರ ಬೆಳಗ್ಗೆ ಅಮ್ಮ, ಮಗ ಕಾರಿನಲ್ಲಿ, ನಾನು ಹಿಂದೆ ಬೈಕಿನಲ್ಲಿ. ನನ್ನ ಕೆಲಸ ಹೇಗಾಗಿದೆ ನೋಡುವ ಆಸೆ. ತಲಘಟ್ಟಪುರದಲ್ಲಿ ಮಗ ಎಳನೀರಿಗೆಂದು ನಿಲ್ಲಿಸಿದ. ಅಮ್ಮ ಗಾಜು ಇಳಿಸಿ ನಕ್ಕರು. "ಉಯ್ಯಾಲೆ ಇದ್ದಂಗದೆ ಕಣಪ್ಪ. ಬೆನ್ನು ಇದೆ ಅನ್ನೋದೇ ಮರ್ತೋಯ್ತು."

ಅವರ ಬಾಗಿಲಿನ ಮುಂದಿನ ಟೈರು ನೆಲಕ್ಕೆ ತಾಗುವಲ್ಲಿ ಒತ್ತಿದ ರೊಟ್ಟಿಹಿಟ್ಟಿನಂತೆ ಉಬ್ಬಿತ್ತು. ಯಾರಿಗೂ ಕಾಣದಂತೆ ಬಗ್ಗಿ ಅಂಗೈ ಇಟ್ಟೆ. ಕೈ ತಾನಾಗಿ ಹಿಂದೆ ಬರುವಷ್ಟು ಬಿಸಿ. ಐವತ್ತು ಹೆಜ್ಜೆ ಮುಂದೆ ಪೆಟ್ರೋಲ್ ಬಂಕ್ ಇತ್ತು, ಗಾಳಿಯೂ ಇತ್ತು. ಎರಡು ನಿಮಿಷದ ಕೆಲಸ. ಆದರೆ ಹೊಗಳಿದ ಮರುಕ್ಷಣವೇ ತಪ್ಪಾಗಿದೆ ಎಂದು ಹೇಗೆ ಹೇಳುವುದು? ಎಳನೀರು ಕುಡಿದೆ. ಒಳಗಿನ ಗಂಜಿ ಚೆನ್ನಾಗಿತ್ತು. ಅದೂ ನೆನಪಿದೆ.

ಅಲ್ಲಿಂದ ಮುಂದಕ್ಕೆ ರಸ್ತೆ ಖಾಲಿ ಇತ್ತು, ಮಗ ವೇಗ ಹೆಚ್ಚಿಸಿದ. ಒಂದು ತಿರುವಿನಲ್ಲಿ ರಾಂಗ್ ಸೈಡಿನಿಂದ ಸ್ಕೂಟರೊಂದು ಬಂತು. ಅವನು ಬಲಕ್ಕೆ ಎಳೆದ. ಮುಂದಿನ ಎಡ ಟೈರು ಮಡಚಿ ಚಕ್ರದಿಂದ ಕಳಚಿಕೊಂಡದ್ದನ್ನು ನಾನು ಹಿಂದಿನಿಂದ ಕಂಡೆ. ಬರಿಯ ಚಕ್ರ ಡಾಂಬರನ್ನು ಕೆರೆಯಿತು, ಕಾರು ಎಡಕ್ಕೆ ಗಿರ್ರೆಂದು ತಿರುಗಿ ರಸ್ತೆಗೆ ಅಡ್ಡವಾಗಿ ನಿಂತಿತು. ಅಮ್ಮನ ಬಾಗಿಲು ನಮ್ಮ ಕಡೆಗೆ. ಹಿಂದಿನಿಂದ ಬಂದ ಬಸ್ಸು ನನ್ನ ಬಲಗಡೆಯಿಂದ ನನ್ನನ್ನು ದಾಟಿ ಹೋಯಿತು. ಬ್ರೇಕಿನ ಸದ್ದು ಎಷ್ಟು ಹೊತ್ತು ಇತ್ತೆಂದರೆ, ಅಷ್ಟರಲ್ಲಿ ಅಮ್ಮ ತಲೆ ತಿರುಗಿಸಿ ಅದನ್ನು ನೋಡಿದರು. ಕೈ ಅಡ್ಡ ಹಿಡಿದರು, ಬಿಸಿಲಿಗೆ ಹಿಡಿಯುವ ಹಾಗೆ.

ಸೀಟ್ ಬೆಲ್ಟಿನ ಎಳೆತಕ್ಕೆ ಅವರ ಭುಜದ ಮೂಳೆ ಬಿರುಕುಬಿಟ್ಟಿತ್ತು. ಅಷ್ಟೇ. ಅಷ್ಟೇ ಎಂದು ಡಾಕ್ಟರೂ ಹೇಳಿದರು, ನೆಂಟರೂ ಹೇಳಿದರು. ಓಡಿಹೋಗಿ ಬಲಗಡೆಯ ಬಾಗಿಲಿನಿಂದ ಅವರನ್ನು ಇಳಿಸಿದವನು ನಾನೆಂದು ನನಗೆ ಕಾಫಿ ಕೊಟ್ಟರು.

ಕಾರನ್ನು ಎಳೆದುಕೊಂಡು ಹೋದ ಗ್ಯಾರೇಜಿನವರು ಉಳಿದ ಮೂರು ಟೈರು ನೋಡಿ, ಗಾಳಿ ತೀರಾ ಕಡಿಮೆಯಿತ್ತು ಎಂದರು. ಮನೆಯ ಪದ್ಧತಿಯಂತೆಯೇ ತೀರ್ಮಾನವಾಯಿತು. ಓದಿದವನು ಸರಿಯಾಗೇ ಹೇಳಿರುತ್ತಾನೆ, ಮಾಡಿದವನೇ ಕೆಡಿಸಿರುತ್ತಾನೆ. ಮಗ ಅಂಗಡಿಯವರನ್ನು ಅಂಗಳಕ್ಕೆ ಕರೆಸಿದ. ಅಮ್ಮ ಕೊರಳಿಗೆ ತೂಗುಹಾಕಿದ ಪಟ್ಟಿಯಲ್ಲಿ ಕೈ ಇಟ್ಟುಕೊಂಡು ಕುಳಿತೇ ಕೇಳಿದರು.

"ಇಂಜಿನಿಯರ್ ಹೇಳಿದ್ದು ಒಂದು, ನೀನು ಮಾಡಿದ್ದು ಒಂದು ಅಲ್ವೇನಯ್ಯ? ಈ ತಿಂಗಳಿಗೆ ಅಂಗಡಿ ಖಾಲಿ ಮಾಡ್ಬಿಡು."

"ಹನ್ನೊಂದು ವರ್ಷ ಆಯ್ತಮ್ಮ ನಾನಿಲ್ಲಿ" ಎಂದರು ಅವರು. ಆಮೇಲೆ ನನ್ನನ್ನು ನೋಡಿದರು. ನಾನು ತುಳಸಿಕಟ್ಟೆ ನೋಡಿದೆ. "ಆಯ್ತಮ್ಮ" ಎಂದು ಹೊರಟುಹೋದರು.

ನಾಲ್ಕು ದಿನ ನಾನು ಅವರ ಅಂಗಡಿಯ ಮುಂದೆ ಹಾಯದೆ ಹಿಂದಿನ ಓಣಿಯಿಂದ ಆಫೀಸಿಗೆ ಹೋದೆ. ಐದನೆಯ ಬೆಳಗ್ಗೆ ಬಾಲ್ಕನಿಯಿಂದ ನೋಡಿದರೆ ಅಂಗಡಿಯ ಮುಂದೆ ಲಗೇಜ್ ಆಟೋ ನಿಂತಿತ್ತು, ಏರ್ ಕಂಪ್ರೆಸರನ್ನು ಹಗ್ಗದಿಂದ ಬಿಗಿಯುತ್ತಿದ್ದರು. ಕೆಳಗಿಳಿದೆ. ಅಮ್ಮ ಒಂದೇ ಕೈಯಲ್ಲಿ ಅವರೆಕಾಯಿ ಸುಲಿಯಲು ಹೆಣಗುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಇಪ್ಪತ್ತೆರಡು ಎಂದದ್ದು, ಅಂಗಡಿಯವರು ಬೇಡ ಎಂದದ್ದು, ಎಳನೀರಿನ ಹತ್ತಿರ ಟೈರು ಮುಟ್ಟಿ ಸುಮ್ಮನಾದದ್ದು.

ಟೈರು ಮುಟ್ಟಿದ ಮಾತಿಗೆ ಅಮ್ಮನ ಕೈ ನಿಂತಿತು.

"ನಾಲ್ಕು ದಿನ ನಿದ್ದೆ ಬಂತಾ ನಿಂಗೆ?"

"ಇಲ್ಲಮ್ಮ."

"ನಂಗೂ ಇಲ್ಲ. ಭುಜ ನೋವು." ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ, "ಹೋಗು. ಗಾಡೀಲಿ ಏರ್ಸಿರೋದನ್ನೆಲ್ಲ ನೀನೇ ಇಳ್ಸು" ಎಂದರು. ನನ್ನ ಮುಖ ನೋಡಲಿಲ್ಲ.

ಕಂಪ್ರೆಸರಿನ ಒಂದು ಬದಿ ಅಂಗಡಿಯವರು, ಇನ್ನೊಂದು ಬದಿ ನಾನು ಹಿಡಿದು ಒಳಗಿಟ್ಟೆವು. ಅವತ್ತು ಅಂಗಳದಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಯಾರ ಮಾತು ನಡೀತಿತ್ತು ಸಾರ್?"

ಕಾರಿಗೆ ಈಗ ಗೋಣಿಚೀಲದ ಸ್ಪ್ರಿಂಗು ಬಂದಿದೆ. ಮಗ ನನ್ನೊಡನೆ ಮಾತಾಡುವುದು ಕಡಿಮೆ. ಅಮ್ಮ ಭಾನುವಾರ ಬಸ್ಸಿನಲ್ಲೇ ಹೋಗುತ್ತಾರೆ. ಹೋದ ವಾರ ಮೋಟರು ಕೆಟ್ಟಾಗ ಯಾರೂ ಮೆಟ್ಟಿಲ ಬುಡದಿಂದ ಕೂಗಲಿಲ್ಲ. ರಿಪೇರಿಯವನು ನೇರ ಬಂದು ಸರಿಮಾಡಿ ಹೋದ.

ನನ್ನ ಬೈಕಿಗೆ ಗಾಳಿ ಹಾಕಿಸಲು ಮೂಲೆಯ ಅಂಗಡಿಗೇ ಹೋಗುತ್ತೇನೆ. ಅವರು ಎಂದಿನಂತೆ ಬಗ್ಗಿ ಗೇಜನ್ನು ನನ್ನ ಕಡೆ ಹಿಡಿಯುತ್ತಾರೆ. ಹೂಂ ಅಂದರೆ ಸಾಲದು. "ಎಷ್ಟಿದೆ, ಬಾಯ್ಬಿಟ್ಟು ಹೇಳಿ ಸಾರ್" ಎನ್ನುತ್ತಾರೆ. ನಾನು ಓದಿ ಹೇಳಿದ ಮೇಲೆಯೇ ಪೈಪು ತೆಗೆಯುತ್ತಾರೆ.